ಮನೆಯ ಬಿಲ್ಲು, ರಸೀದಿ, ಪತ್ರಗಳನ್ನು ಎಷ್ಟು ವರ್ಷ ಇಟ್ಟುಕೊಳ್ಳಬೇಕು? ಹಾಸನ, ಚಿಕ್ಕಮಗಳೂರು ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಮಳೆಗಾಲ ಮುಗಿದು ಬೀರು ತೆಗೆದಾಗ ಮುಗ್ಗಲು ವಾಸನೆ ಮೂಗಿಗೆ ಹೊಡೆಯುತ್ತದಲ್ಲ, ಈ ಪ್ರಶ್ನೆಗಳು ಏಳುವುದೇ ಆಗ. ಅರ್ಧ ಜನ ಎಲ್ಲವನ್ನೂ ಬಚ್ಚಲ ಒಲೆಗೆ ಹಾಕೋಣ ಅನ್ನುತ್ತಾರೆ, ಇನ್ನರ್ಧ ಜನ ಒಂದು ಚೀಟಿಯನ್ನೂ ಮುಟ್ಟಬೇಡಿ ಅನ್ನುತ್ತಾರೆ. ಯಾವ ಕಾಗದಕ್ಕೆ ಎಷ್ಟು ಆಯಸ್ಸು, ಯಾಕೆ ಅಷ್ಟು ಎನ್ನುವುದು ಕೆಳಗಿದೆ.

ಎಲ್ಲಾ ಕಾಗದಕ್ಕೂ ಅನ್ವಯಿಸುವ ಒಂದು ಲೆಕ್ಕ ಇದೆಯೇ?

ಇದೆ. ಕಾಗದದ ಮೇಲಿನ ತಾರೀಖಿನಿಂದ ಎಣಿಸಬೇಡಿ, ಆ ವ್ಯವಹಾರ ಮುಗಿದ ದಿನದಿಂದ ಎಣಿಸಿ. 2009ರಲ್ಲಿ ಮನೆಸಾಲ ಮಂಜೂರಾದ ಪತ್ರಕ್ಕೆ ಹದಿನೈದು ವರ್ಷ ಆಯಿತು ಎಂದು ಹರಿದು ಹಾಕುವವರಿದ್ದಾರೆ. ಸಾಲ ತೀರಿದ್ದು 2024ರಲ್ಲಾದರೆ ಆ ಪತ್ರದ ಗಡಿಯಾರ ಓಡಲು ಶುರುವಾದದ್ದೇ 2024ರಲ್ಲಿ.

ಆಮೇಲೆ ಎರಡು ಮಾತು ಕೇಳಿಕೊಳ್ಳಿ. ಈ ವಿಷಯವಾಗಿ ಇನ್ನೂ ಯಾರಾದರೂ ಬಾಗಿಲಿಗೆ ಬರಬಹುದೇ? ಈ ಕಾಗದ ಕಳೆದರೆ ಇನ್ನೊಂದು ಪ್ರತಿ ಎಲ್ಲಿ, ಎಷ್ಟು ಸಲ ಓಡಾಡಿದರೆ ಸಿಗುತ್ತದೆ? ಮೊದಲನೆಯದಕ್ಕೆ ಕಾನೂನೇ ಉತ್ತರ ಕೊಟ್ಟಿದೆ. ಹಣ ವಸೂಲಿಯ ದಾವೆಗೆ ಸಾಮಾನ್ಯವಾಗಿ 3 ವರ್ಷ, ಸ್ಥಿರಾಸ್ತಿಯ ಸ್ವಾಧೀನದ ದಾವೆಗೆ 12 ವರ್ಷ, ಗ್ರಾಹಕ ಆಯೋಗದ ದೂರಿಗೆ 2 ವರ್ಷ. ಎರಡನೆಯದಕ್ಕೆ ಉತ್ತರ ನಿಮ್ಮ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮನ್ನು ಅವಲಂಬಿಸಿದೆ, ಅದನ್ನು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಕರೆಂಟ್ ಬಿಲ್ ಎಷ್ಟು ವರ್ಷ?

ಮೂರು ವರ್ಷ. ಹಾಸನ ಜಿಲ್ಲೆಗೆ ಚೆಸ್ಕಾಂ, ಚಿಕ್ಕಮಗಳೂರು ಜಿಲ್ಲೆಗೆ ಮೆಸ್ಕಾಂ. ಇಬ್ಬರಿಗೂ ಒಂದೇ ಕಾನೂನು. ವಿದ್ಯುತ್ ಕಾಯ್ದೆ 2003ರ 56(2)ನೇ ಕಲಂ ಪ್ರಕಾರ, ಬಾಕಿ ಮೊದಲು ಪಾವತಿಗೆ ಬಂದ ದಿನದಿಂದ ಎರಡು ವರ್ಷ ಕಳೆದ ಮೇಲೆ ಅದನ್ನು ವಸೂಲಿ ಮಾಡುವಂತಿಲ್ಲ. ಆದರೆ ಆ ಬಾಕಿಯನ್ನು ಪ್ರತಿ ಬಿಲ್ಲಿನಲ್ಲೂ ತೋರಿಸುತ್ತಾ ಬಂದಿದ್ದರೆ ಮಾಡಬಹುದು. ಹಾಗಾಗಿ ಕಟ್ಟಿದ ರಸೀದಿಯಷ್ಟೇ ಮುಖ್ಯ, ಆ ಬಿಲ್ಲುಗಳಲ್ಲಿ 'ಬಾಕಿ' ಎಂಬ ಸಾಲು ಸೊನ್ನೆ ಇತ್ತು ಎನ್ನುವುದು. ಎರಡು ವರ್ಷದ ಮೇಲೆ ಒಂದು ವರ್ಷ ಜಾಸ್ತಿ ಇಟ್ಟುಕೊಂಡರೆ ನೆಮ್ಮದಿ.

ಗೃಹಜ್ಯೋತಿಯ ಸೊನ್ನೆ ಬಿಲ್ಲನ್ನೂ ಎಸೆಯಬೇಡಿ. ನಿಮ್ಮ ಉಚಿತ ಯೂನಿಟ್ಟಿನ ಮಿತಿ 2022-23ರ ಸರಾಸರಿ ಬಳಕೆಯ ಮೇಲೆ ಸ್ವಲ್ಪ ಸೇರಿಸಿ, 200 ಯೂನಿಟ್ ಮೀರದಂತೆ ನಿಗದಿಯಾದದ್ದು. ಲೆಕ್ಕದಲ್ಲಿ ತಕರಾರು ಬಂದರೆ ರೀಡಿಂಗ್ ಇರುವುದು ಆ ಸೊನ್ನೆ ಬಿಲ್ಲಿನಲ್ಲೇ.

ಮಕ್ಕಳು ಬೆಂಗಳೂರಿಗೆ ಹೋಗಿ, ಊರಿನ ಮನೆಗೆ ಬೀಗ ಬಿದ್ದಿದ್ದರೆ ಇನ್ನೊಂದು ತೊಂದರೆ. ಬಾಗಿಲು ಹಾಕಿದ್ದರೆ ರೀಡಿಂಗ್ ತೆಗೆಯದೆ ಸರಾಸರಿ ಮೇಲೆ ಬಿಲ್ ಬರುತ್ತದೆ. ಮುಂದೊಂದು ದಿನ ನಿಜವಾದ ರೀಡಿಂಗ್ ತೆಗೆದಾಗ ಹೊಂದಾಣಿಕೆ ಆಗಬೇಕು, ಒಮ್ಮೊಮ್ಮೆ ಆಗುವುದಿಲ್ಲ. ಊರಿಗೆ ಹೋದಾಗಲೆಲ್ಲ ಮೀಟರಿನ ಅಂಕಿ ಮತ್ತು ಮೀಟರ್ ನಂಬರ್ ಎರಡೂ ಕಾಣುವಂತೆ ಒಂದು ಫೋಟೋ ತೆಗೆದಿಡಿ. ಸೆಕ್ಷನ್ ಆಫೀಸಿನಲ್ಲಿ ಮಾತಿಗಿಂತ ಆ ಫೋಟೋಗೆ ಬೆಲೆ.

ಬಿಲ್ಲಿನ ಜೊತೆ ಸೇರಿಸಿ ಎಸೆಯಬಾರದ ಎರಡು ಕಾಗದ: ಸಂಪರ್ಕ ಮಂಜೂರಾತಿ ಪತ್ರ, ಮತ್ತು ಭದ್ರತಾ ಠೇವಣಿಯ ರಸೀದಿಗಳು. ವರ್ಷಕ್ಕೊಮ್ಮೆ ಕೇಳುವ ಹೆಚ್ಚುವರಿ ಠೇವಣಿಯ ರಸೀದಿಯೂ ಇದರಲ್ಲೇ ಸೇರಿತು. ಆರ್.ಆರ್. ನಂಬರ್ ಇನ್ನೊಬ್ಬರ ಹೆಸರಿಗೆ ಹೋಗುವವರೆಗೆ ಅಥವಾ ಸಂಪರ್ಕ ವಾಪಸ್ ಕೊಟ್ಟು ಠೇವಣಿ ಕೈಗೆ ಬರುವವರೆಗೆ ಅವು ಇರಬೇಕು. ತೋಟದ ಪಂಪ್‌ಸೆಟ್ಟಿಗೆ ಬಿಲ್ಲೇ ಬರದಿರಬಹುದು, ಮಂಜೂರಾತಿ ಪತ್ರ ಮಾತ್ರ ಜಮೀನು ನಿಮ್ಮದಿರುವವರೆಗೆ ಬೇಕು.

ಆ ಬಿಲ್ಲುಗಳು ಆರು ತಿಂಗಳಿಗೇ ಬಿಳಿಯಾಗುತ್ತವಲ್ಲ?

ಮೀಟರ್ ರೀಡರ್ ಕೈಯಲ್ಲಿನ ಯಂತ್ರ, ಎಟಿಎಂ, ಅಂಗಡಿಯ ಬಿಲ್ಲಿಂಗ್ ಮಿಷನ್ ಹೆಚ್ಚಾಗಿ ಬಳಸುವುದು ಥರ್ಮಲ್ ಕಾಗದ. ಅದರಲ್ಲಿ ಶಾಯಿ ಇಲ್ಲ, ಕಾಗದಕ್ಕೆ ಬಳಿದ ಲೇಪನ ಬಿಸಿ ತಾಗಿದಲ್ಲಿ ಕಪ್ಪಾಗುತ್ತದೆ, ಅಷ್ಟೇ. ಬಿಸಿಲು, ಎಣ್ಣೆ ಕೈ, ಪ್ಲಾಸ್ಟಿಕ್ ಕವರಿನ ರಾಸಾಯನಿಕ, ಯಾವುದು ತಾಗಿದರೂ ಅಕ್ಷರ ಮಾಸುತ್ತದೆ. ಲ್ಯಾಮಿನೇಷನ್ ಮಾಡಿಸಿದರೆ ಬಿಸಿಗೆ ಇಡೀ ಚೀಟಿಯೇ ಕಪ್ಪು. ಬಂದ ವಾರದಲ್ಲೇ ಒಂದು ಜೆರಾಕ್ಸ್ ಮಾಡಿಸಿ, ಒಂದು ಹಾಳೆಯಲ್ಲಿ ನಾಲ್ಕು ಚೀಟಿ ಹಿಡಿಯುತ್ತವೆ. ಮಾಸಿಹೋದ ಮೇಲೆ ಇಸ್ತ್ರಿ ಪೆಟ್ಟಿಗೆ ತೋರಿಸುವ ಸಾಹಸ ಬೇಡ.

ಆದಾಯ ತೆರಿಗೆ ಕಾಗದಗಳು?

ಹಣಕಾಸು ವರ್ಷ ಮುಗಿದ ಮೇಲೆ ಏಳು ವರ್ಷ. 2024ರ ಸೆಪ್ಟೆಂಬರ್ 1ರಿಂದ ಬಂದ ತಿದ್ದುಪಡಿಯ ನಂತರ, ಹಳೆಯ ವರ್ಷದ ಲೆಕ್ಕ ಮತ್ತೆ ತೆರೆಯುವ ನೋಟಿಸಿಗೆ ಸಾಮಾನ್ಯ ಗಡುವು ಆ ಅಸೆಸ್‌ಮೆಂಟ್ ವರ್ಷ (ಆದಾಯ ಬಂದ ವರ್ಷದ ಮುಂದಿನ ಹಣಕಾಸು ವರ್ಷ) ಮುಗಿದು 3 ವರ್ಷ 3 ತಿಂಗಳು. ತಪ್ಪಿಸಿಕೊಂಡ ಆದಾಯ 50 ಲಕ್ಷ ರೂಪಾಯಿ ಅಥವಾ ಮೇಲ್ಪಟ್ಟದ್ದೆಂದು ಇಲಾಖೆಗೆ ಆಧಾರ ಸಿಕ್ಕರೆ 5 ವರ್ಷ 3 ತಿಂಗಳು. ಉದಾಹರಣೆಗೆ 2024-25ರ ಆದಾಯ. ಅದರ ಅಸೆಸ್‌ಮೆಂಟ್ ವರ್ಷ ಮುಗಿಯುವುದು 2026ರ ಮಾರ್ಚ್ 31ಕ್ಕೆ, ಉದ್ದನೆಯ ಗಡುವು ಮುಗಿಯುವುದು 2031ರ ಜೂನ್ ಕೊನೆಗೆ. 2032ರ ಏಪ್ರಿಲ್‌ನಲ್ಲಿ ಆ ಕಟ್ಟು ಬಿಚ್ಚಿದರೆ ಸರಿಯಾಗುತ್ತದೆ.

ಕಟ್ಟಿನಲ್ಲಿ ಇರಬೇಕಾದದ್ದು: ರಿಟರ್ನ್ ಮತ್ತು ಅದರ ಸ್ವೀಕೃತಿ, ಫಾರಂ 16 (ಸಂಬಳದಲ್ಲಿ ತೆರಿಗೆ ಕಡಿತದ ಪ್ರಮಾಣಪತ್ರ), ಬ್ಯಾಂಕ್ ಬಡ್ಡಿಯ ಪ್ರಮಾಣಪತ್ರ, ವಿನಾಯಿತಿ ಕೇಳಿದ್ದಕ್ಕೆಲ್ಲ ಆಧಾರ (ವಿಮೆ ಕಂತು, ಶಾಲಾ ಶುಲ್ಕ, ಬಾಡಿಗೆ ರಸೀದಿ, ದೇಣಿಗೆ ರಸೀದಿ). ರಿಟರ್ನ್ ಪಿಡಿಎಫ್ ಮಾತ್ರ ಎಂದೆಂದಿಗೂ ಇಟ್ಟುಕೊಳ್ಳಿ. ಸಾಲಕ್ಕೋ ವೀಸಾಕ್ಕೋ ಕೇಳುತ್ತಾರೆ, ಜಾಗವನ್ನೂ ತಿನ್ನುವುದಿಲ್ಲ.

ನಮ್ಮದು ಕಾಫಿ ತೋಟದ ಆದಾಯ, ಕೃಷಿಗೆ ತೆರಿಗೆ ಇಲ್ಲ. ತೂಕದ ಚೀಟಿ, ಮಾರಾಟದ ಬಿಲ್ ಯಾಕೆ ಬೇಕು?

ತೆರಿಗೆ ಇಲ್ಲ ಎಂದು ತೋರಿಸಬೇಕಾದವರು ನೀವೇ, ಅದಕ್ಕೆ ಬೇಕು. ಉಳಿತಾಯ ಖಾತೆಗೆ ವರ್ಷದಲ್ಲಿ 10 ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಕಟ್ಟಿದರೆ ಬ್ಯಾಂಕು ಅದನ್ನು ಇಲಾಖೆಗೆ ತಿಳಿಸುತ್ತದೆ. ಮೂರು ವರ್ಷ ಬಿಟ್ಟು 'ಈ ಹಣ ಎಲ್ಲಿಂದ ಬಂತು' ಎಂಬ ಪ್ರಶ್ನೆ ಬಂದಾಗ, ಆ ವರ್ಷ ಮೆಣಸಿಗೆ ರೇಟ್ ಚೆನ್ನಾಗಿತ್ತು ಎಂದರೆ ನಡೆಯುವುದಿಲ್ಲ. ಬೇಕಾದದ್ದು ಆ ವರ್ಷದ ಪಹಣಿ, ಅದರಲ್ಲಿ ಬೆಳೆಯ ಕಾಲಂನಲ್ಲಿ ಕಾಫಿ ಅಥವಾ ಅಡಿಕೆ ಎಂಬ ನಮೂದು, ವ್ಯಾಪಾರಿಯ ಬಿಲ್, ತೂಕದ ಚೀಟಿ, ಕೂಲಿ ಮತ್ತು ಗೊಬ್ಬರದ ಖರ್ಚಿನ ಪುಸ್ತಕ. ಪಹಣಿಯಲ್ಲಿ ರಾಗಿ ಎಂದಿದ್ದು ಬಿಲ್ಲಿನಲ್ಲಿ ಕಾಫಿ ಇದ್ದರೆ ಆಗಲೇ ಸರಿಪಡಿಸಿಕೊಳ್ಳಿ.

ಇನ್ನೊಂದು ವಿಷಯ ಮಲೆನಾಡಿನಲ್ಲಿ ಸುಮಾರು ಜನಕ್ಕೆ ಗೊತ್ತಿಲ್ಲ. ಬೆಳೆದ ಕಾಫಿಯನ್ನು ಕ್ಯೂರಿಂಗ್ ಮಾಡಿ ಮಾರಿದರೆ, ಅದರಿಂದ ಬಂದ ಆದಾಯದಲ್ಲಿ ಶೇ. 25 ವ್ಯವಹಾರದ ಆದಾಯ ಎಂದು ತೆರಿಗೆಗೆ ಬರುತ್ತದೆ. ಹುರಿದು ಪುಡಿ ಮಾಡಿ ಮಾರಿದರೆ ಶೇ. 40. ಮನೆಯಲ್ಲೇ ಪುಡಿ ಮಾಡಿ ಪ್ಯಾಕೆಟ್ ಕಟ್ಟಿ ಮಾರುವವರು ಈಗ ಜಾಸ್ತಿ ಆಗಿದ್ದಾರೆ. ಅವರಿಗೆ ಕ್ಯೂರಿಂಗ್ ವರ್ಕ್ಸ್‌ನ ಔಟ್‌ಟರ್ನ್ ವರದಿ (ಕೊಟ್ಟ ಕಾಫಿಯಿಂದ ಎಷ್ಟು ಬೀಜ ಬಂತೆಂಬ ಲೆಕ್ಕ), ಹುರಿದದ್ದರ ಲೆಕ್ಕ ಎರಡೂ ಏಳು ವರ್ಷದ ಕಟ್ಟಿಗೆ ಸೇರಬೇಕು. ಸಂಬಳ ಅಥವಾ ಬಾಡಿಗೆ ಜೊತೆಗಿದ್ದರೆ, 5,000 ರೂಪಾಯಿ ದಾಟಿದ ಕೃಷಿ ಆದಾಯವನ್ನು ತೆರಿಗೆ ದರ ಲೆಕ್ಕ ಹಾಕುವಾಗ ಸೇರಿಸುವ ಪದ್ಧತಿಯೂ ಇದೆ.

ಜಮೀನು, ಮನೆಯ ಪತ್ರಗಳಲ್ಲಿ ಏನನ್ನಾದರೂ ಎಸೆಯಬಹುದೇ?

ಇಲ್ಲ. ಕ್ರಯಪತ್ರ, ವಿಭಾಗಪತ್ರ, ದಾನಪತ್ರ, ಹಕ್ಕುಪತ್ರ, ಮ್ಯುಟೇಶನ್ ಪ್ರತಿ, ಸರ್ವೆ ನಕ್ಷೆ, ಪಂಚಾಯಿತಿಯ ನಮೂನೆ 9 ಮತ್ತು 11, ನಗರದ ಖಾತೆ, ಇವೆಲ್ಲ ಆಸ್ತಿ ಇರುವವರೆಗೆ. ಮಾರಿದ ಮೇಲೂ ಒಂದೊಂದು ಜೆರಾಕ್ಸ್ 12 ವರ್ಷ ಇರಲಿ.

'ಪಹಣಿ ಭೂಮಿ ಜಾಲತಾಣದಲ್ಲಿ ಇದೆಯಲ್ಲ, ಋಣಭಾರ ಪತ್ರ ಕಾವೇರಿ ಜಾಲತಾಣದಲ್ಲಿ ಸಿಗುತ್ತದಲ್ಲ' ಎನ್ನುವವರಿಗೆ: ಕಂಪ್ಯೂಟರಿನಲ್ಲಿ ಸುಲಭವಾಗಿ ಸಿಗುವುದು ಸುಮಾರು 2004ರಿಂದ ಈಚಿನ ನೋಂದಣಿ ವಿವರ. ಅದಕ್ಕೂ ಹಿಂದಿನದು ಬೇಕಾದರೆ ಉಪನೋಂದಣಿ ಕಚೇರಿಯ ಹಳೆಯ ಪುಸ್ತಕ ಹುಡುಕಿಸಬೇಕು. ಕೈಬರಹದ ಹಳೆ ಪಹಣಿ, ಇಂಡೆಕ್ಸ್ ಪ್ರತಿ ಮನೆಯಲ್ಲಿದ್ದರೆ ಅದು ಚಿನ್ನ.

ಸಾಗುವಳಿ ಚೀಟಿ ಇರುವವರು ಇನ್ನೂ ಹುಷಾರಾಗಿರಬೇಕು. ಬಗರ್ ಹುಕುಂನಲ್ಲಿ (ಸರ್ಕಾರಿ ಜಮೀನಿನ ಸಾಗುವಳಿ ಸಕ್ರಮ) ಮಂಜೂರಾದ ಜಮೀನಿನ ಮೂಲ ಕಡತ ಕಚೇರಿಯಲ್ಲಿ ಸಿಗದೆ, ಪೋಡಿಯೂ (ಅಳೆದು ಬೇರೆ ನಂಬರ್ ಕೊಡುವುದು) ಆಗದೆ, ಮಾರಾಟವೂ ಆಗದೆ ನಿಂತುಹೋದವರು ಸಕಲೇಶಪುರ, ಆಲೂರು, ಮೂಡಿಗೆರೆ ಕಡೆ ಊರಿಗೊಬ್ಬರಾದರೂ ಸಿಗುತ್ತಾರೆ. ಸಾಗುವಳಿ ಚೀಟಿಯ ಜೊತೆ ಕಿಮ್ಮತ್ತು ಕಟ್ಟಿದ ಚಲನ್, ಮಂಜೂರಾತಿ ಆದೇಶದ ನಂಬರ್ ಇರುವ ಯಾವ ಹಾಳೆಯೇ ಆಗಲಿ, ಒಟ್ಟಿಗೇ ಇರಲಿ. ಸಾಗುವಳಿ ಸಕ್ರಮಕ್ಕೆ ಫಾರಂ 50, 53, 57ರಲ್ಲಿ ಅಥವಾ ಮನೆ ಸಕ್ರಮಕ್ಕೆ 94ಸಿ ಅಡಿ ಅರ್ಜಿ ಹಾಕಿ ಕಾಯುತ್ತಿದ್ದರೆ ಸ್ವೀಕೃತಿ ಚೀಟಿಯೇ ನಿಮ್ಮ ಏಕೈಕ ಪುರಾವೆ. ಬೆರಳುದ್ದದ ಚೀಟಿ ಅದು, ಕ್ಯಾಲೆಂಡರಿನ ಹಿಂದೆ ಸಿಕ್ಕಿಸುವಂಥದ್ದಲ್ಲ.

ಕಂದಾಯದ ರಸೀದಿಗಳನ್ನು ಸಾಲಾಗಿ ಇಡಿ. ಒಂದು ವರ್ಷದ್ದು ಕಾಣೆಯಾದರೆ ಮಾರುವ ಹೊತ್ತಿನಲ್ಲಿ ಬಾಕಿ ಎಂದು ಬಡ್ಡಿ ಸಮೇತ ಕೇಳುತ್ತಾರೆ.

ಮನೆ ರಿಪೇರಿಯ ಬಿಲ್ಲು, ಅಪ್ಪನ ಕಾಲದ ಕ್ರಯಪತ್ರ ತೆರಿಗೆಗೆ ಬೇಕಾ?

ಬೇಕು. ಮನೆ ಮಾರಿದಾಗ ಲಾಭ ಎಷ್ಟು ಎಂಬ ಲೆಕ್ಕದಲ್ಲಿ ಕೊಂಡ ಬೆಲೆಯನ್ನೂ ಮಾಡಿಸಿದ ಸುಧಾರಣೆಯ ಖರ್ಚನ್ನೂ ಕಳೆಯುತ್ತಾರೆ. ಪಿತ್ರಾರ್ಜಿತವಾದರೆ ಅಪ್ಪ ಕೊಂಡ ಬೆಲೆಯೇ ನಿಮ್ಮ ಬೆಲೆ. 2001ರ ಏಪ್ರಿಲ್ 1ಕ್ಕೂ ಹಿಂದಿನ ಆಸ್ತಿಗೆ ಆ ದಿನದ ಮಾರುಕಟ್ಟೆ ಬೆಲೆ ತೆಗೆದುಕೊಳ್ಳಬಹುದು. ಮೇಲಿನ ಮಹಡಿ ಕಟ್ಟಿಸಿದ್ದು, ಬೋರ್‌ವೆಲ್, ಹೆಂಚು ತೆಗೆಸಿ ಆರ್‌ಸಿಸಿ ಹಾಕಿಸಿದ್ದರ ಬಿಲ್ಲು ಮಾರಾಟದ ನಂತರವೂ ಏಳು ವರ್ಷ ಇರಲಿ. ಸುಣ್ಣ ಬಣ್ಣದ ಬಿಲ್ಲು ಬೇಡ, ಅದು ಸುಧಾರಣೆ ಅಲ್ಲ.

ಕೃಷಿ ಜಮೀನು ಮಾರಿದರೆ ತೆರಿಗೆಯೇ ಇಲ್ಲ ಎಂಬ ಮಾತು ಪಟ್ಟಣದ ಅಂಚಿನಲ್ಲಿ ಸುಳ್ಳಾಗುತ್ತದೆ. ಹಾಸನ, ಚಿಕ್ಕಮಗಳೂರು ನಗರಗಳೆರಡೂ 2011ರ ಜನಗಣತಿಯಲ್ಲೇ ಲಕ್ಷ ದಾಟಿವೆ, ಹಾಗಾಗಿ ಅವುಗಳ ಗಡಿಯಿಂದ ನೇರ ದೂರದಲ್ಲಿ 6 ಕಿ.ಮೀ. ಒಳಗಿನ ಜಮೀನಿನ ಲಾಭಕ್ಕೆ ತೆರಿಗೆ ಇದೆ. 10 ಸಾವಿರದಿಂದ ಲಕ್ಷದೊಳಗಿನ ಪಟ್ಟಣಗಳಿಗೆ ಆ ದೂರ 2 ಕಿ.ಮೀ. ಅಂಥ ಕಡೆ ಜಮೀನಿದ್ದರೆ ಕೊಂಡ ಪತ್ರದ ಜೊತೆ ದೂರದ ದೃಢೀಕರಣವನ್ನೂ ತೆಗೆದಿಡಿ.

ಸಾಲ ತೀರಿತು. ಇನ್ನು ಆ ಕಾಗದ ಯಾಕೆ?

ದುಡ್ಡು ಕಟ್ಟಿದ ದಿನ ಸಾಲ ತೀರುವುದಿಲ್ಲ, ಪಹಣಿಯಲ್ಲಿ ಸಾಲ ನಮೂದಿಸುವ 11ನೇ ಕಾಲಂನಿಂದ ಬ್ಯಾಂಕಿನ ಹೆಸರು ಹೋದ ದಿನ ತೀರುತ್ತದೆ. ಬೆಳೆಸಾಲ ಕಟ್ಟಿ ಹತ್ತು ವರ್ಷವಾದರೂ ಸೊಸೈಟಿಯದೋ ಬ್ಯಾಂಕಿನದೋ ಹೆಸರು ಅಲ್ಲೇ ಕೂತಿರುವ ಪಹಣಿಗಳು ಎಷ್ಟೋ. ಮಾಡಬೇಕಾದದ್ದು ಇಷ್ಟು: ಬಾಕಿ ಇಲ್ಲ ಎಂಬ ಪತ್ರವನ್ನು ಬ್ಯಾಂಕಿನ ಮೊಹರು, ಸಾಲದ ಖಾತೆ ನಂಬರ್, ಸರ್ವೆ ನಂಬರ್ ಸಮೇತ ಪಡೆಯಿರಿ. ಋಣಮುಕ್ತ ಪತ್ರ ನೋಂದಣಿ ಆಗುವಂತೆ ನೋಡಿಕೊಳ್ಳಿ. ತಿಂಗಳು ಬಿಟ್ಟು ಹೊಸ ಪಹಣಿ ಮತ್ತು ಋಣಭಾರ ಪತ್ರ ತೆಗೆಸಿ, ನಮೂದು ಹೋಗಿದೆಯೇ ನೋಡಿ. ಸರ್ವೆ ನಂಬರಿಗೆ ಹಿಸ್ಸಾ (ಉಪವಿಭಾಗ) ಇದ್ದರೆ ಪ್ರತಿ ಹಿಸ್ಸಾದ ಪಹಣಿಯನ್ನೂ ನೋಡಬೇಕು. ಒಂದರಲ್ಲಿ ಹೋಗಿ ಇನ್ನೊಂದರಲ್ಲಿ ಉಳಿಯುವುದೇ ಮಾಮೂಲಿ ತಪ್ಪು.

ಅಡವಿಟ್ಟ ಮೂಲಪತ್ರಗಳನ್ನು ಪೂರ್ತಿ ಮರುಪಾವತಿಯಾದ 30 ದಿನದೊಳಗೆ ವಾಪಸ್ ಕೊಡಬೇಕೆಂದು ರಿಸರ್ವ್ ಬ್ಯಾಂಕಿನ ನಿಯಮ 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿದೆ. ಬ್ಯಾಂಕಿನ ಕಾರಣದಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ. ಇದನ್ನು ಕೇಳಬೇಕಾದರೆ, ಸಾಲ ಪಡೆಯುವಾಗ ಯಾವ ಯಾವ ಪತ್ರ ಕೊಟ್ಟಿರಿ ಎಂಬ ಪಟ್ಟಿ ನಿಮ್ಮ ಬಳಿ ಇರಬೇಕು. ಬಾಕಿ ಇಲ್ಲದ ಪತ್ರವನ್ನು ಆಸ್ತಿಪತ್ರದ ಜೊತೆಗೇ ಶಾಶ್ವತವಾಗಿ ಇಡಿ. ಕಂತು ಕಟ್ಟಿದ ಚಲನ್‌ಗಳನ್ನು ಮೂರು ವರ್ಷ ಬಿಟ್ಟು ತೆಗೆಯಬಹುದು.

ಕೈಸಾಲದ ಪ್ರೋನೋಟು?

ಕೇಳಿದಾಗ ಕೊಡುವೆ ಎಂದು ಬರೆದ ನೋಟಿಗೆ ಬರೆದ ದಿನದಿಂದ 3 ವರ್ಷ. ಅಷ್ಟರೊಳಗೆ ಸಾಲಗಾರ ಸ್ವಲ್ಪ ಹಣ ಕೊಟ್ಟು, ನೋಟಿನ ಹಿಂದೆ ತಾರೀಖು ಹಾಕಿ ಸಹಿ ಮಾಡಿದರೆ ಅಲ್ಲಿಂದ ಮತ್ತೆ 3 ವರ್ಷ. ನೀವು ಸಾಲ ತೀರಿಸಿದವರಾದರೆ ನೋಟು ವಾಪಸ್ ಪಡೆದು ಸಹಿಯ ಜಾಗ ಹರಿಯಿರಿ. 'ಮನೇಲಿದೆ, ಆಮೇಲೆ ಕೊಡ್ತೀನಿ' ಎಂದರೆ ಒಂದು ರಸೀದಿ ಬರೆಸಿಕೊಂಡೇ ಏಳಿ.

ಬ್ಯಾಂಕ್ ಪಾಸ್‌ಬುಕ್, ಸ್ಟೇಟ್‌ಮೆಂಟ್?

ಏಳು ವರ್ಷ. ಬ್ಯಾಂಕುಗಳು ವಹಿವಾಟಿನ ದಾಖಲೆಯನ್ನು ಕನಿಷ್ಠ 5 ವರ್ಷ ಇಡಬೇಕು ಎಂಬುದು ಕಾನೂನು, ಅದಕ್ಕಿಂತ ಹಳೆಯದನ್ನು ಕೊಟ್ಟೇ ಕೊಡುತ್ತಾರೆಂಬ ಭರವಸೆ ಬೇಡ. ಪ್ರತಿ ಏಪ್ರಿಲ್‌ನಲ್ಲಿ ಹಿಂದಿನ ವರ್ಷದ ಸ್ಟೇಟ್‌ಮೆಂಟ್ ಪಿಡಿಎಫ್ ಇಳಿಸಿಕೊಳ್ಳಿ. ಹತ್ತು ವರ್ಷ ಯಾರೂ ಮುಟ್ಟದ ಠೇವಣಿ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ, 'ಉದ್ಗಮ್' ಜಾಲತಾಣದಲ್ಲಿ ಹುಡುಕಬಹುದು. ತಾತನ ಹಳೇ ಪಾಸ್‌ಬುಕ್ ಸಿಕ್ಕರೆ ಗುಜರಿಗೆ ಹಾಕುವ ಮೊದಲು ಅಲ್ಲೊಮ್ಮೆ ನೋಡಿ.

ಫ್ರಿಜ್, ಮಿಕ್ಸಿ, ಗ್ಯಾಸ್?

ವಾರಂಟಿ ಮುಗಿದ ಮೇಲೆ ಎರಡು ವರ್ಷ. ಯುಪಿಎಸ್ ಬ್ಯಾಟರಿಯ ವಾರಂಟಿ ಕಾರ್ಡಿನಲ್ಲಿ ಅಂಗಡಿಯ ಮೊಹರು, ತಾರೀಖು ಇಲ್ಲದಿದ್ದರೆ ಅದು ಬರೀ ರಟ್ಟು. ಗ್ಯಾಸಿನ ವಿಷಯದಲ್ಲಿ ಸಿಲಿಂಡರ್ ಬಿಲ್ಲು ಆರು ತಿಂಗಳು ಸಾಕು. ಸಂಪರ್ಕ ಕೊಟ್ಟಾಗಿನ ಎಸ್.ವಿ. (ಸಬ್‌ಸ್ಕ್ರಿಪ್ಷನ್ ವೋಚರ್) ಚೀಟಿ ಮಾತ್ರ ಕಡೆಯವರೆಗೆ ಬೇಕು. ಠೇವಣಿ ವಾಪಸಾಗಲಿ, ಬೇರೆ ಊರಿಗೆ ವರ್ಗವಾಗಲಿ, ಮೊದಲು ಕೇಳುವುದು ಅದನ್ನೇ.

ಒಡವೆ ಬಿಲ್ಲು?

ಒಡವೆ ಇರುವವರೆಗೆ. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಒಡವೆಗೆ ಆರು ಅಕ್ಷರ-ಅಂಕಿಯ ಎಚ್‌ಯುಐಡಿ (ಪ್ರತಿ ಒಡವೆಗೂ ಬೇರೆ ಬೇರೆಯಾದ ಗುರುತಿನ ಸಂಖ್ಯೆ) ಕಡ್ಡಾಯ, ಅದು ಬಿಲ್ಲಿನಲ್ಲೂ ಇದ್ದರೆ ಒಳ್ಳೆಯದು. ಹಳೇ ಚಿನ್ನ ಕೊಟ್ಟು ಹೊಸದು ಮಾಡಿಸಿದಾಗ ಹಳೆಯದರ ತೂಕ ಬರೆದ ಚೀಟಿಯನ್ನು ಹೊಸ ಬಿಲ್ಲಿನ ಜೊತೆ ದಾರದಲ್ಲಿ ಕಟ್ಟಿ.

ಗಾಡಿ ಮಾರಿ ಆಯಿತು, ಆರ್.ಸಿ.ಯನ್ನೂ ಕೊಟ್ಟಾಯಿತು. ಇನ್ನೇನು?

ಮಾಲೀಕತ್ವ ವರ್ಗಾವಣೆಯ ಫಾರಂ 29 ಮತ್ತು 30ರ ಪ್ರತಿ, ಗಾಡಿ ಕೊಟ್ಟ ದಿನ ಮತ್ತು ಗಂಟೆ ಬರೆದು ಕೊಂಡವರು ಸಹಿ ಮಾಡಿದ ಪತ್ರ, ಅವರ ಗುರುತಿನ ಚೀಟಿಯ ಜೆರಾಕ್ಸ್. ಆರ್‌ಟಿಒ ದಾಖಲೆಯಲ್ಲಿ ಹೆಸರು ಬದಲಾಗುವವರೆಗೆ ಅಪಘಾತದ ಹೊಣೆ ನಿಮ್ಮ ತಲೆಗೇ ಬರುತ್ತದೆ, ಸುಪ್ರೀಂ ಕೋರ್ಟ್ 2018ರಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿದೆ. ಹೆಸರು ಬದಲಾದದ್ದನ್ನು ನೋಡಿ, ಆ ಪುಟದ ಪ್ರಿಂಟ್ ತೆಗೆದು ಜೊತೆಗಿಡಿ.

ಆರೋಗ್ಯ ವಿಮೆ, ಆಸ್ಪತ್ರೆ ಕಾಗದ?

ಪಾಲಿಸಿ ಮುರಿಯದೆ ನವೀಕರಿಸಿದ್ದಕ್ಕೆ ಪುರಾವೆ ಬೇಕು, ಹಾಗಾಗಿ ಮೊದಲ ವರ್ಷದಿಂದ ಎಲ್ಲಾ ನವೀಕರಣ ಪತ್ರಗಳನ್ನೂ ಇಡಿ. 60 ತಿಂಗಳು ಸತತವಾಗಿ ಪಾಲಿಸಿ ಇದ್ದರೆ, ಮೋಸ ಸಾಬೀತಾಗದ ಹೊರತು ಹಳೇ ಕಾಯಿಲೆ ಮುಚ್ಚಿಟ್ಟಿರಿ ಎಂದು ಕ್ಲೇಮ್ ತಿರಸ್ಕರಿಸುವಂತಿಲ್ಲ. ಡಿಸ್ಚಾರ್ಜ್ ಸಮ್ಮರಿ ಜೀವನಪರ್ಯಂತ, ಔಷಧಿ ಬಿಲ್ಲು ಕ್ಲೇಮ್ ಮುಗಿದು ಎರಡು ವರ್ಷ, ಅದಕ್ಕೆ ತೆರಿಗೆ ವಿನಾಯಿತಿ ಪಡೆದಿದ್ದರೆ ಏಳು ವರ್ಷ.

ಮನೆಯ ಹಿರಿಯರು ತೀರಿಕೊಂಡರು. ಅವರ ಬೀರು ಯಾವಾಗ ಖಾಲಿ ಮಾಡಬಹುದು?

ತಿಥಿ ಮುಗಿದ ವಾರದಲ್ಲಿ ಖಂಡಿತ ಬೇಡ. ಒಂದು ವರ್ಷ ಏನನ್ನೂ ಎಸೆಯಬೇಡಿ. ಹಳೇ ಡೈರಿಯಲ್ಲಿ ಬರೆದ ಒಂದು ಅಂಕಿ ವಿಮೆ ಪಾಲಿಸಿಯ ನಂಬರ್ ಆಗಿರಬಹುದು, ಅಂಚೆ ಕಚೇರಿಯ ಒಂದು ಮಾಸಿದ ಚೀಟಿ ಠೇವಣಿ ಆಗಿರಬಹುದು. ಮರಣ ಪ್ರಮಾಣಪತ್ರದ ಎಂಟು ಹತ್ತು ಪ್ರತಿ ಮೊದಲೇ ತೆಗೆಸಿ. ನಾಡಕಚೇರಿಯಿಂದ ವಂಶವೃಕ್ಷ ಬಂದು, ಪೌತಿ ಖಾತೆ (ತೀರಿಕೊಂಡವರ ಜಮೀನು ವಾರಸುದಾರರ ಹೆಸರಿಗೆ ಆಗುವುದು) ಆಗಿ, ಖಾತೆ-ಠೇವಣಿಗಳೆಲ್ಲ ವಾರಸುದಾರರ ಕೈ ಸೇರಿದ ಮೇಲೆ ಸಾಮಾನ್ಯ ಬಿಲ್ಲುಗಳನ್ನು ತೆಗೆಯಿರಿ. ತೆರಿಗೆ ಕಟ್ಟಿಗೆ ಅವರದ್ದಕ್ಕೂ ಏಳು ವರ್ಷವೇ, ಏಕೆಂದರೆ ನೋಟಿಸ್ ವಾರಸುದಾರರಿಗೆ ಬರುತ್ತದೆ.

ಎಲ್ಲಾ ಫೋಟೋ ತೆಗೆದು ಮೊಬೈಲಿನಲ್ಲಿ ಇಟ್ಟರೆ ಸಾಲದೇ?

ಬಿಲ್ಲು, ರಸೀದಿಗೆ ಸಾಕು. ಮೂಲಪತ್ರ, ಪ್ರೋನೋಟು, ವಿಲ್, ಸಾಗುವಳಿ ಚೀಟಿಗೆ ಸಾಲದು. ಡಿಜಿಲಾಕರ್‌ಗೆ ಇಲಾಖೆಯಿಂದಲೇ ಬಂದ ಡಿಎಲ್, ಆರ್.ಸಿ. ಮೂಲದ ಸಮಾನ, ನೀವೇ ಫೋಟೋ ಹೊಡೆದು ಅಲ್ಲಿ ಏರಿಸಿದ್ದು ಬರೀ ಫೋಟೋ. ವಾಟ್ಸ್ಆ್ಯಪ್‌ನಲ್ಲಿ ನಿಮಗೆ ನೀವೇ ಕಳಿಸಿಕೊಂಡದ್ದು ಫೋನ್ ಬದಲಾಯಿಸಿದ ದಿನ ಹೋಗಬಹುದು. ಫೈಲಿಗೆ ವರ್ಷ, ತಿಂಗಳು, ವಿಷಯ ಈ ಕ್ರಮದಲ್ಲಿ ಹೆಸರಿಡಿ: '2025-06 ಕರೆಂಟ್'. ಆಗ ತಾನೇ ಸಾಲಾಗಿ ನಿಲ್ಲುತ್ತದೆ. ಒಂದು ಪ್ರತಿ ಪೆನ್‌ಡ್ರೈವ್‌ನಲ್ಲಿ ಬೇರೆ ಮನೆಯಲ್ಲಿರಲಿ.

ಮಲೆನಾಡಿನ ಮಳೆಯಲ್ಲಿ ಕಾಗದ ಉಳಿಸಿಕೊಳ್ಳುವುದು ಹೇಗೆ?

ಟ್ರಂಕನ್ನು ನೆಲದ ಮೇಲಾಗಲಿ ಹೊರಗೋಡೆಗೆ ತಾಗಿಸಿಯಾಗಲಿ ಇಡಬೇಡಿ. ಕೆಳಗೆ ಎರಡು ಇಟ್ಟಿಗೆ, ಹಿಂದೆ ನಾಲ್ಕು ಬೆರಳು ಜಾಗ. ಗೆದ್ದಲು ಮೇಲೇರುವುದು ಗೋಡೆಯ ಮೂಲಕ, ತೇವ ಬರುವುದೂ ಅಲ್ಲಿಂದಲೇ. ಬಿಗಿಯಾದ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿದರೆ ಒಳಗಿನ ತೇವ ಬೆವರಿ ಬೂಷ್ಟು ಹಿಡಿಯುತ್ತದೆ; ಹತ್ತಿ ಬಟ್ಟೆ ಸುತ್ತಿ ಇಡುವ ಹಳೇ ಪದ್ಧತಿಯೇ ವಾಸಿ. ಸ್ಟೇಪ್ಲರ್ ಪಿನ್ನು, ಗುಂಡುಸೂಜಿ ಎರಡು ಮಳೆಗಾಲಕ್ಕೆ ತುಕ್ಕು ಹಿಡಿದು ಮೂಲೆಯನ್ನೇ ತಿನ್ನುತ್ತವೆ, ದಾರದಲ್ಲಿ ಕಟ್ಟಿ. ಸಿಲಿಕಾ ಜೆಲ್ ಹಾಕಿದರೆ ಮಳೆಗಾಲದಲ್ಲಿ ಆಗಾಗ ಒಣಗಿಸಬೇಕು, ಇಲ್ಲದಿದ್ದರೆ ಅದು ಇದ್ದೂ ಇಲ್ಲದಂತೆ. ಡಿಸೆಂಬರ್-ಜನವರಿಯಲ್ಲಿ, ಕಾಫಿ ಕಣದಲ್ಲಿ ಒಣಗುವ ದಿನಗಳಲ್ಲೇ, ಒಮ್ಮೆ ಎಲ್ಲಾ ತೆಗೆದು ನೆರಳಲ್ಲಿ ಗಾಳಿಗೆ ಹರಡಿ. ನೇರ ಬಿಸಿಲು ಬೇಡ.

ಛಾಪಾ ಕಾಗದಕ್ಕೆ ಲ್ಯಾಮಿನೇಷನ್ ಮಾಡಿಸಬೇಡಿ. ಮೊಹರು, ಬೆರಳಚ್ಚು ಪರೀಕ್ಷಿಸಲು ಆಗುವುದಿಲ್ಲ, ಹಿಂದೆ ಏನನ್ನೂ ಬರೆಯಲಾಗುವುದಿಲ್ಲ, ತೆಗೆಯಲು ಹೋದರೆ ಕಾಗದವೇ ಬರುತ್ತದೆ.

ನೀರು ಬಿದ್ದು ಅಂಟಿಕೊಂಡ ಪತ್ರಗಳನ್ನು ಆಗಲೇ ಬಿಡಿಸಲು ಹೋಗಬೇಡಿ. ನಡುನಡುವೆ ಬಿಳಿ ಹಾಳೆ ಸೇರಿಸಿ ಫ್ಯಾನ್ ಗಾಳಿಗೆ ಇಡಿ. ನ್ಯೂಸ್‌ಪೇಪರ್ ಇಟ್ಟರೆ ಅದರ ಶಾಯಿ ಪತ್ರಕ್ಕೆ ಇಳಿಯುತ್ತದೆ. ಕಟ್ಟು ದೊಡ್ಡದಿದ್ದು ಒಂದೇ ದಿನದಲ್ಲಿ ಆಗದಿದ್ದರೆ ಕವರಿನಲ್ಲಿ ಹಾಕಿ ಫ್ರೀಜರಿನಲ್ಲಿಡಿ, ಬೂಷ್ಟು ನಿಲ್ಲುತ್ತದೆ. ಆಮೇಲೆ ಸ್ವಲ್ಪ ಸ್ವಲ್ಪವೇ ತೆಗೆದು ಒಣಗಿಸಬಹುದು.

ಬೇಡವಾದದ್ದನ್ನು ಹಳೇ ಪೇಪರಿನವರಿಗೆ ಕೊಡಬಹುದೇ?

ಹೆಸರು, ಖಾತೆ ನಂಬರ್, ಪಾನ್, ಆಧಾರ್, ಸಹಿ, ಇವುಗಳಲ್ಲಿ ಒಂದು ಇದ್ದರೂ ಕೊಡಬೇಡಿ. ಸಂತೆಯಲ್ಲಿ ಕಡಲೆಕಾಯಿ ಪೊಟ್ಟಣ ಬಿಚ್ಚಿದರೆ ಯಾರದೋ ಬ್ಯಾಂಕ್ ಸ್ಟೇಟ್‌ಮೆಂಟ್ ಇರುವುದು ಹೊಸದೇನಲ್ಲ. ನಂಬರ್ ಇರುವ ಪಟ್ಟಿಯನ್ನು ಅಡ್ಡಡ್ಡ, ಉದ್ದುದ್ದ ಹರಿದು ಬಕೆಟ್ ನೀರಿನಲ್ಲಿ ರಾತ್ರಿ ನೆನೆಹಾಕಿ ಹಿಸುಕಿದರೆ ಮುದ್ದೆಯಾಗುತ್ತದೆ, ಗೊಬ್ಬರದ ಗುಂಡಿಗೆ ಹಾಕಬಹುದು. ಸಾದಾ ಕಾಗದ ಬಚ್ಚಲ ಒಲೆಗೂ ಆದೀತು. ಥರ್ಮಲ್ ಚೀಟಿ ಮಾತ್ರ ಒಲೆಗೂ ಬೇಡ, ಗೊಬ್ಬರಕ್ಕೂ ಬೇಡ. ಅದರ ಲೇಪನದಲ್ಲಿ ರಾಸಾಯನಿಕ ಇರುತ್ತದೆ, ಹರಿದು ಒಣಕಸಕ್ಕೆ ಹಾಕಿ. ಹಾಕುವ ಮೊದಲು ಪ್ರತಿ ಕವರನ್ನೂ ಬಾಯಿ ಕೆಳಗೆ ಮಾಡಿ ಒಮ್ಮೆ ಕೊಡವಿ. ಹಳೇ ಲಗ್ನಪತ್ರಿಕೆಯ ಕವರಿನೊಳಗೆ ಠೇವಣಿ ರಸೀದಿ ಇಡುವ ಅಭ್ಯಾಸ ನಮ್ಮ ಹಿರಿಯರಿಗೆ ಇತ್ತು.